ರಾತ್ರಿ ಒಂಬತ್ತೂವರೆಯ ಮೀಟಿಂಗ್

ನಿನ್ನೆ ರಾತ್ರಿ 9.30ಕ್ಕೆ, ಕಲಸಿದ ಸಾರನ್ನವನ್ನು ತಟ್ಟೆಯಲ್ಲೇ ಬಿಟ್ಟು ಕ್ಯಾಲಿಫೋರ್ನಿಯಾದ ತಂಡದೊಡನೆ ಮೀಟಿಂಗಿಗೆ ಕುಳಿತೆ. ಹದಿನೈದು ದಿನಗಳಿಂದ ಚರ್ಚೆಗೆಂದು ಕಾದಿದ್ದ ವಿಷಯವನ್ನು ಅವರು ತಮ್ಮ ಹಗಲಿನಲ್ಲೇ ತೀರ್ಮಾನಿಸಿ ಮುಗಿಸಿದ್ದರು. ಹಾಗಾದರೆ ನಮ್ಮನ್ನು ಕರೆದದ್ದಾದರೂ ಏಕೆ? ಚಳಿಗಾಲದಲ್ಲಿ ಅಲ್ಲಿಗೂ ಬೆಂಗಳೂರಿಗೂ ಹದಿಮೂರೂವರೆ ಗಂಟೆಗಳ ಅಂತರ, ಮಾರ್ಚ್‌ನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ ಹನ್ನೆರಡೂವರೆ. ಅದನ್ನು ತುಂಬುವ ಹೊಣೆ ಪ್ರತಿ ಸಲವೂ ನಮ್ಮ ಊಟದ, ಮಕ್ಕಳನ್ನು ಮಲಗಿಸುವ ಹೊತ್ತಿನ ಮೇಲೇ ಬೀಳಬೇಕೇ? ‘ಪ್ರಶ್ನೆಗಳಿವೆಯೇ’ ಎಂದು ಕೇಳಿ ಎರಡು ಕ್ಷಣವೂ ಕಾಯುವುದಿಲ್ಲ. ಹಿರಿಯರ ಮಾತಿಗೆ ಅಡ್ಡಬಾಯಿ ಹಾಕಬಾರದೆಂದು ಕಲಿತು ಬೆಳೆದ ನಾವು ಮ್ಯೂಟ್ ತೆಗೆಯುವಷ್ಟರಲ್ಲಿ, ನಮ್ಮ ಮೌನವು ಒಪ್ಪಿಗೆಯೆಂದು ಟಿಪ್ಪಣಿಯಲ್ಲಿ ದಾಖಲಾಗಿರುತ್ತದೆ. ನಮ್ಮ ‘ಸರಿ’ ಎಂದರೆ ಕೇಳಿಸಿಕೊಂಡೆವು ಎಂದಷ್ಟೇ, ಒಪ್ಪಿದೆವು ಎಂದಲ್ಲ. ಇದನ್ನು ಇನ್ನೆಷ್ಟು ಸಲ ಹೇಳಬೇಕು?