ಕಾರ್ಡಿನ ಆ ಒಂದು ಸಾಲು

ಒಂದು ವಾರದಿಂದ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ. "ಬೋರ್ನಿಯೋ ಕಾಡಿನಲ್ಲೂ ಹಿಂದೂಗಳಿದ್ದಾರೆ, ನಿಮಗೆ ಗೊತ್ತಾ?" ಅಂತ ಶುರುವಾಗುತ್ತದೆ. ಜೊತೆಗೆ ತಲೆಗೆ ಉದ್ದನೆಯ ಗರಿ ಸಿಕ್ಕಿಸಿಕೊಂಡ ಒಬ್ಬ ಅಜ್ಜನ ಫೋಟೋ. ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂತು, ಆಫೀಸ್ ಗ್ರೂಪಿಗೂ ಬಂತು. ಕೆಳಗೆ ಸಾಲಾಗಿ ಕೈಮುಗಿಯುವ ಎಮೋಜಿಗಳು. ಹಾಕಿದವರ ಖುಷಿ ನನಗೆ ಅರ್ಥವಾಗುತ್ತದೆ. ಆದರೆ ಆ ಜನರ ನಡುವೆ ಏಳು ತಿಂಗಳು ಇದ್ದು ಬಂದವನು ನಾನು. ನೋಡಿಕೊಂಡು ಸುಮ್ನೆ ಇರೋಕೆ ಆಗಲಿಲ್ಲ. ಅವರು ಹೇಗೆ ಹಿಂದೂಗಳಾದರು ಅನ್ನೋದು ಆ ಮೆಸೇಜಿನಲ್ಲಿ ಇಲ್ಲ. ನನಗೆ ಮುಖ್ಯ ಅನ್ನಿಸೋದು ಅದೇ.

2018ರಲ್ಲಿ ಕೆಲಸದ ಮೇಲೆ ಇಂಡೋನೇಷ್ಯಾದ ಮಧ್ಯ ಕಾಲಿಮಂತಾನ್‌ಗೆ ಹೋಗಿದ್ದೆ. ಬೋರ್ನಿಯೋ ದ್ವೀಪದಲ್ಲಿ ಇಂಡೋನೇಷ್ಯಾಕ್ಕೆ ಸೇರಿದ ಭಾಗಕ್ಕೆ ಕಾಲಿಮಂತಾನ್ ಅನ್ನುತ್ತಾರೆ. ಪಾಮ್ ಆಯಿಲ್ ಗಿರಣಿಗಳ ಬಾಯ್ಲರ್ ರಿಪೇರಿ ನನ್ನ ಕೆಲಸ. ಉಳಿದದ್ದು ಪಲಂಕಾ ರಾಯ ಊರಿನಲ್ಲಿ, ಒಬ್ಬ ಅಜ್ಜಿಯ ಮನೆಯ ಹಿಂಬದಿಯ ಬಾಡಿಗೆ ಕೋಣೆಯಲ್ಲಿ. ಅವರನ್ನು ನಾನು 'ಇಬು' ಅನ್ನುತ್ತಿದ್ದೆ, ಅಮ್ಮ ಅಂತ. ಅವರು ನನ್ನನ್ನು 'ನಾಕ್' ಅಂತ ಕರೆಯುತ್ತಿದ್ದರು, ಮಗು ಅಂತ. ನನ್ನ ಹರಕು ಮುರುಕು ಇಂಡೋನೇಷ್ಯನ್ ಭಾಷೆಯನ್ನು ತಿದ್ದಿದ್ದೂ ಅವರೇ.

ಬೋರ್ನಿಯೋದ ಮೂಲನಿವಾಸಿಗಳಿಗೆ ದಯಾಕರು ಅನ್ನುತ್ತಾರೆ. ಇಬು ಅವರಲ್ಲಿ ನ್ಗಾಜು ಪಂಗಡದವರು. ಕಹಾಯಾನ್ ನದಿಯ ಮೇಲ್ಭಾಗದ ಹಳ್ಳಿಯಲ್ಲಿ ಹುಟ್ಟಿದವರು. ಅವರ ಪೂರ್ವಿಕರ ನಂಬಿಕೆಗೆ ಕಹಾರಿಂಗಾನ್ ಅಂತ ಹೆಸರು. ಈ ಹೆಸರು ಬಳಕೆಗೆ ಬಂದದ್ದೂ ತೀರಾ ಈಚೆಗೆ, 1942ರಿಂದ 45ರವರೆಗೆ ಜಪಾನೀಯರು ಆಳುತ್ತಿದ್ದಾಗ. ಅದಕ್ಕೆ ಮುಂಚೆ ಅವರಿಗೆ ಹೆಸರೇ ಬೇಕಿರಲಿಲ್ಲ. ನದಿ ದಂಡೆಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದಾಗ ಅದಕ್ಕೊಂದು ಹೆಸರಿಡುವ ಪ್ರಶ್ನೆ ಎಲ್ಲಿ ಬರುತ್ತದೆ? ಮಿಷನರಿಗಳು ಹೆಸರಿಟ್ಟಿದ್ದರು. ಅದು ಬೈಗುಳದ ಹಾಗಿತ್ತು.

ಪಲಂಕಾ ರಾಯ ಊರಿನ ಕಥೆ ಕೇಳಿ. ನದಿ ದಂಡೆಯಲ್ಲಿ ಪಹಾಂದುತ್ ಅನ್ನೋ ದಯಾಕ್ ಹಳ್ಳಿ ಇತ್ತು. ದಕ್ಷಿಣದ ಬಂಜರ್‌ಮಾಸಿನ್ ನಗರದ ಆಡಳಿತದಿಂದ ಬೇರೆಯಾಗಿ ತಮಗೇ ಒಂದು ಪ್ರಾಂತ್ಯ ಬೇಕು ಅಂತ ದಯಾಕರು ಹಟ ಹಿಡಿದರು. 1957ರಲ್ಲಿ ಪ್ರಾಂತ್ಯ ಸಿಕ್ಕಿತು. ಅದೇ ವರ್ಷ ಜುಲೈ 17ಕ್ಕೆ ಅಧ್ಯಕ್ಷ ಸುಕರ್ಣೋ ಬಂದು ಹೊಸ ರಾಜಧಾನಿಗೆ ಅಡಿಗಲ್ಲು ಹಾಕಿದರು. ಹೆಸರು ಬಂದದ್ದು ಕಹಾರಿಂಗಾನ್ ಸೃಷ್ಟಿಕಥೆಯಿಂದ. ರಾನ್ಯಿಂಗ್ ಹತಾಲ್ಲಾ ಅನ್ನೋ ದೇವರು ಮೊದಲ ಮನುಷ್ಯರನ್ನು ಬಂಗಾರದ ಪಲಂಕದಲ್ಲಿ ಕೂರಿಸಿ ಭೂಮಿಗೆ ಇಳಿಸಿದನಂತೆ. ಆ ಪಲಂಕವೇ ಊರಿನ ಹೆಸರು. ಅಂದರೆ ಒಂದು ನಂಬಿಕೆಯ ಕಥೆಯಿಂದ ಇಡೀ ರಾಜಧಾನಿಗೆ ಹೆಸರಿಟ್ಟರು. ಆದರೆ ಅದೇ ನಂಬಿಕೆಯವರು ಗುರುತಿನ ಚೀಟಿ ಮಾಡಿಸಲು ಹೋದರೆ, ಅವರ ಧರ್ಮಕ್ಕೆ ಅಲ್ಲಿ ಹೆಸರಿರಲಿಲ್ಲ.

ಆ ಚೀಟಿಗೆ ಅಲ್ಲಿ 'ಕಾತೇಪೇ' ಅನ್ನುತ್ತಾರೆ. ಅದರಲ್ಲಿ ಒಂದು ಸಾಲು 'ಅಗಾಮ'. ನಮ್ಮ 'ಆಗಮ' ಪದವೇ. ನಾವು ಅದನ್ನು ಶೈವಾಗಮ, ಆಗಮ ಶಾಸ್ತ್ರ ಅನ್ನುವಾಗ ಬಳಸುತ್ತೇವೆ. ಅಲ್ಲಿ ಅದಕ್ಕೆ ಧರ್ಮ ಅಂತ ಅರ್ಥ, ಅದೂ ಸರ್ಕಾರ ಒಪ್ಪಿದ ಧರ್ಮ. ಸರ್ಕಾರ ಒಪ್ಪದೆ ಇದ್ದರೆ ಅದು 'ಕೆಪರ್ಚಯಾಅನ್', ಬರೀ ನಂಬಿಕೆ. ಧರ್ಮದ್ದನ್ನು ಧರ್ಮ ಇಲಾಖೆ ನೋಡಿಕೊಳ್ಳುತ್ತದೆ. ನಂಬಿಕೆಯದ್ದು ಸಂಸ್ಕೃತಿ ಇಲಾಖೆಗೆ ಹೋಗುತ್ತದೆ, ಕುಣಿತ ಮತ್ತು ಕರಕುಶಲದ ಪಕ್ಕಕ್ಕೆ.

ಇಂಡೋನೇಷ್ಯಾ 27 ಕೋಟಿಗಿಂತ ಜಾಸ್ತಿ ಜನರ ದೇಶ. ನೂರಕ್ಕೆ ಸುಮಾರು 87 ಮಂದಿ ಮುಸ್ಲಿಮರು. ಆದರೂ 1945ರಲ್ಲಿ ಅದನ್ನು ಇಸ್ಲಾಮಿಕ್ ದೇಶ ಮಾಡಲಿಲ್ಲ. ಮುಸ್ಲಿಮರು ಷರಿಯತ್ ಪಾಲಿಸಬೇಕು ಅನ್ನುವ ಮಾತು ಸಂವಿಧಾನದ ಕರಡಿನಲ್ಲಿ ಇತ್ತು. ಆಗಸ್ಟ್ 18ರಂದು ಅದನ್ನು ತೆಗೆದುಹಾಕಿದರು. ಇದು ದೊಡ್ಡ ಮಾತು, ನನಗೆ ತುಂಬಾ ಗೌರವವಿದೆ. ಆದರೆ 'ಒಬ್ಬನೇ ದೇವರು' ಅನ್ನುವ ಮಾತು ಪಂಚಶೀಲದ, ಅಂದರೆ ಆ ದೇಶದ ಐದು ಮೂಲತತ್ವಗಳ, ಮೊದಲ ಶೀಲವಾಗಿ ಉಳಿಯಿತು. ಅಲ್ಲಿಂದ ಮುಂದೆ ಧರ್ಮ ಅನ್ನಿಸಿಕೊಳ್ಳಬೇಕಾದರೆ ಒಬ್ಬ ದೇವರು ಬೇಕು, ಒಂದು ಗ್ರಂಥ ಬೇಕು, ಒಬ್ಬ ಪ್ರವಾದಿ ಬೇಕು ಅನ್ನುವ ವಾದ ಗಟ್ಟಿಯಾಯಿತು. ಬಾಲಿ ದ್ವೀಪದವರಿಗೇ ಇದು ಕಷ್ಟವಾಯಿತು ಅಂದರೆ ನಂಬುತ್ತೀರಾ? ಅವರ ಆಚರಣೆಯನ್ನೂ ಮೊದಲು ಧರ್ಮ ಅಂತ ಒಪ್ಪಲಿಲ್ಲ. ಅವರು ಸಂಘ ಕಟ್ಟಿ, ಮನವಿ ಕೊಟ್ಟು, ಊರೂರಿನ ದೇವರುಗಳ ಮೇಲೆ ಸಾಂಗ್ ಹ್ಯಾಂಗ್ ವಿಧಿ ಅನ್ನೋ ಒಬ್ಬನೇ ಪರಮಾತ್ಮನನ್ನು ಮುಂದಿಟ್ಟರು. ಆಮೇಲೆ ಬಾಗಿಲು ತೆರೆಯಿತು. ಆ ಬಾಗಿಲಿನಿಂದಲೇ ಮುಂದೆ ಬೇರೆಯವರೂ ಒಳಗೆ ಬಂದರು. 1969ರಲ್ಲಿ ಸುಲಾವೆಸಿ ದ್ವೀಪದ ತೊರಾಜಾ ಜನರ ಪೂರ್ವಿಕರ ಧರ್ಮವನ್ನು ಹಿಂದೂ ಧರ್ಮದ ಅಡಿಗೆ ಸೇರಿಸಿದರು. 1980ರಲ್ಲಿ ಕಹಾರಿಂಗಾನ್ ಸೇರಿತು.

ಹಾಗೆ ಸೇರಲೇಬೇಕಾದ ಅವಸರ ಏನಿತ್ತು? 1965 ನೆನಪಿಸಿಕೊಳ್ಳಬೇಕು. ಆ ವರ್ಷದ ಕೊನೆಯಿಂದ ಶುರುವಾದ ಕೊಲೆಗಳಲ್ಲಿ ಕಮ್ಯುನಿಸ್ಟರು ಅನ್ನುವ ಹೆಸರಿನಲ್ಲಿ ಕಡಿಮೆ ಎಂದರೂ ಐದು ಲಕ್ಷ ಜನ ಸತ್ತರು ಅನ್ನುತ್ತಾರೆ. ಆಮೇಲೆ ಧರ್ಮವಿಲ್ಲದವನು ಅಂದರೆ ಕಮ್ಯುನಿಸ್ಟ್ ಅನ್ನುವ ಅನುಮಾನ. ಜಾವಾದಲ್ಲಿ ಲಕ್ಷಾಂತರ ಮಂದಿ ಚರ್ಚ್ ಸೇರಿದರು. ಕೆಲವರು ಹಿಂದೂಗಳಾದರು. ದಯಾಕರಂಥವರಿಗೆ ಕಚೇರಿಗಳಲ್ಲಿ ಒಂದು ಮಾತು ಬಳಸುತ್ತಿದ್ದರು: 'ಬೆಲುಮ್ ಬೆರಗಾಮ'. ಇನ್ನೂ ಧರ್ಮ ಇಲ್ಲದವರು. ಆ 'ಇನ್ನೂ' ಅನ್ನೋದು ನೋಡಿ. ಇವತ್ತಲ್ಲ ನಾಳೆ ಯಾವುದಕ್ಕಾದರೂ ಸೇರಲೇಬೇಕು ಅನ್ನುವ ಒತ್ತಾಯ ಅದರೊಳಗೇ ಇದೆ.

"ನಮ್ಮಪ್ಪನ ಕಾರ್ಡಿನಲ್ಲಿ ಆ ಜಾಗದಲ್ಲಿ ಒಂದು ಗೆರೆ ಇತ್ತು ನಾಕ್," ಅಂದಿದ್ದರು ಇಬು. "ಬರೀ ಒಂದು ಅಡ್ಡಗೆರೆ." ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸಿದರು. ಅವರ ತಮ್ಮ ಓದಿದ ಶಾಲೆಯಲ್ಲಿ ಧರ್ಮದ ಪಾಠ ಕಡ್ಡಾಯ. ಕಹಾರಿಂಗಾನ್ ಪಾಠ ಇರಲಿಲ್ಲ. ಅದಕ್ಕೆ ಕ್ರೈಸ್ತ ಪಾಠಕ್ಕೆ ಕೂತ. "ಕೂತು ಕೂತು ಹಾಗೇ ಆದ," ಅಂದರು. ಸಿಟ್ಟಿನಿಂದ ಹೇಳಲಿಲ್ಲ. ತಮ್ಮ ಈಗಲೂ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಾನೆ, ಒಳ್ಳೆಯ ಮನುಷ್ಯ. ತಂಗಿಯ ಗಂಡ ಮುಸ್ಲಿಂ. ಮನೆಯಲ್ಲಿ ದೊಡ್ಡ ಕಾರ್ಯ ಇದ್ದರೆ ಅವನ ಕಡೆಯವರಿಗೆ ಬೇರೆ ಒಲೆ, ಬೇರೆ ಪಾತ್ರೆ, ಅವರ ಕೋಳಿಯನ್ನು ಅವರೇ ಕೊಯ್ಯುತ್ತಾರೆ. ಎಲ್ಲರೂ ಒಂದೇ ಚಾಪೆ ಮೇಲೆ ಕೂತು ಊಟ ಮಾಡುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದೆ. ಇಂಥ ಮನೆಗಳು ಆ ಊರಿನಲ್ಲಿ ಬೇಕಾದಷ್ಟಿವೆ.

ಹಳ್ಳಿಯಲ್ಲಿ ಈ ಅಡ್ಡಗೆರೆಯಿಂದ ಅಂಥ ತೊಂದರೆ ಇರಲಿಲ್ಲವಂತೆ. ಪೇಟೆಗೆ ಬಂದ ಮೇಲೆ ಶುರು. ಮದುವೆ ನೋಂದಾಯಿಸಬೇಕು. 1974ರ ಕಾನೂನಿನ ಪ್ರಕಾರ ಮದುವೆ ಯಾವುದಾದರೂ ಒಂದು ಧರ್ಮದ ಪ್ರಕಾರವೇ ಆಗಿರಬೇಕು. ಮಗುವಿಗೆ ಜನನ ಪತ್ರ ಬೇಕು. ಸರ್ಕಾರಿ ಕೆಲಸ ಬೇಕು. ಪ್ರತಿ ಅರ್ಜಿಯಲ್ಲೂ ಅಗಾಮ. ಹೊಸದಾಗಿ ಪರಿಚಯವಾದವರು ಹೆಸರು ಕೇಳಿದ ಮೇಲೆ ಕೇಳುವ ಮುಂದಿನ ಪ್ರಶ್ನೆಯೂ ಅದೇ, "ಅಗಾಮ ಅಪಾ?" ಯಾವ ಧರ್ಮ ಅಂತ. ನನ್ನನ್ನೂ ಕೇಳಿದ್ದಾರೆ, ಟ್ಯಾಕ್ಸಿಯಲ್ಲಿ, ಸಲೂನಿನಲ್ಲಿ.

ಪೇಟೆಗೆ ಬರದೆ ಇರುವುದೂ ಕಷ್ಟವೇ. 1990ರ ದಶಕದ ಮಧ್ಯದಲ್ಲಿ ಆಗಿನ ಅಧ್ಯಕ್ಷ ಸುಹಾರ್ತೋ ಅವರ ಸರ್ಕಾರ ಆ ಪ್ರಾಂತ್ಯದ ಹತ್ತು ಲಕ್ಷ ಹೆಕ್ಟೇರ್ ಜವುಗು ನೆಲವನ್ನು ಭತ್ತದ ಗದ್ದೆ ಮಾಡಲು ಹೊರಟಿತು. ಕಾಲುವೆ ತೋಡಿ ನೀರು ಬಸಿದರು. ಭತ್ತ ಬರಲಿಲ್ಲ. ಒಣಗಿದ ನೆಲಕ್ಕೆ 1997ರಲ್ಲಿ ಬೆಂಕಿ ಬಿತ್ತು, 2015ರಲ್ಲಿ ಮತ್ತೆ ಬಿತ್ತು. ನೆಲದೊಳಗೇ ಹೊಗೆಯಾಡುವ ಬೆಂಕಿ. ಬೆತ್ತ ಹೋಯಿತು, ರಬ್ಬರ್ ತೋಟ ಹೋಯಿತು. ಕಾಡು ಕಡಿದ ಕಡೆಯೆಲ್ಲ ಪಾಮ್ ಬಂತು. ನನ್ನ ಸಂಬಳ ಬಂದದ್ದೂ ಆ ಪಾಮ್‌ನಿಂದಲೇ. ಅದನ್ನು ಮರೆತು ಇದನ್ನು ಬರೆಯಲು ಮನಸ್ಸಾಗುವುದಿಲ್ಲ.

ಗುರುವಾರ ಸಂಜೆ ಇಬು ನನ್ನನ್ನು ಬಸಾರಹ್‌ಗೆ ಕರೆದುಕೊಂಡು ಹೋಗುತ್ತಿದ್ದರು. ವಾರದ ಪ್ರಾರ್ಥನೆ. ಮರದ ದೊಡ್ಡ ಹಾಲ್, ನೆಲದ ಮೇಲೆ ಚಾಪೆ. ನಡುವೆ ಒಂದು ಬೋಗುಣಿ ತುಂಬಾ ಅಕ್ಕಿ. ಅದರ ಮೇಲೆ ಮೊಟ್ಟೆ, ತೆಂಗಿನಕಾಯಿ, ವೀಳ್ಯದೆಲೆ, ದುಡ್ಡು, ಮಂಗಟ್ಟೆ ಹಕ್ಕಿಯ ಒಂದು ಉದ್ದನೆಯ ಕಪ್ಪು ಬಿಳುಪು ಗರಿ. ಲೋಬಾನದ ಹೊಗೆ. ಎಲ್ಲರ ಕೈಯಲ್ಲೂ ಹಾಡಿನ ಪುಸ್ತಕ. ನಿಧಾನವಾಗಿ ಎಳೆದು ಎಳೆದು ಹಾಡುತ್ತಾರೆ, ನಮ್ಮ ಕಡೆ ಹೆಂಗಸರು ಬೀಸುವಾಗ ಹಾಡುತ್ತಿದ್ದ ಹಾಗೆ. ಆಮೇಲೆ ಪನತುರನ್ ಗ್ರಂಥದಿಂದ ಓದು, ಒಂದು ಪ್ರವಚನ. ಕೊನೆಗೆ ನೀರು ಚಿಮುಕಿಸಿ, ನೆತ್ತಿಯ ಮೇಲೆ ನಾಲ್ಕು ಅಕ್ಕಿಕಾಳು ಇಡುತ್ತಾರೆ. ಮೊದಲ ಸಲ ನನ್ನ ತಲೆ ಮೇಲೆ ಇಟ್ಟಾಗ ಕಣ್ಣಲ್ಲಿ ನೀರು ಬಂತು. ನಮ್ಮಜ್ಜಿ ಅಕ್ಷತೆ ಹಾಕಿದ ಹಾಗೇ ಅನ್ನಿಸಿತು.

ಆವತ್ತು ನಾನೂ ಆ ಫಾರ್ವರ್ಡ್ ಹಾಕಿದವರ ಹಾಗೇ ಯೋಚಿಸಿದೆ. ನೋಡಿ, ಎಲ್ಲ ಒಂದೇ, ನಮ್ಮದೇ ಅಂತ.

ಮನೆಗೆ ಬರುವಾಗ ಇಬು ಹೇಳಿದರು. "ನಾನು ಚಿಕ್ಕವಳಿದ್ದಾಗ ಬಸಾರಹ್ ಹೀಗೆ ಇರಲಿಲ್ಲ ನಾಕ್. ವಾರಕ್ಕೊಮ್ಮೆ ಸೇರೋದು, ಪುಸ್ತಕ ಹಿಡಿದು ಹಾಡೋದು, ಒಬ್ಬರು ನಿಂತು ಪ್ರವಚನ ಹೇಳೋದು, ಇದೆಲ್ಲ ಆಮೇಲೆ ಬಂದದ್ದು." ಮುಂಚೆ ಬಾಸಿರ್‌ಗಳು, ಅಂದರೆ ಪೂಜಾರಿಗಳು, ಸಾಲಾಗಿ ಕೂತು ಕತಾಂಬುಂಗ್ ಡೋಲು ಬಾರಿಸುತ್ತಾ ರಾತ್ರಿಯಿಡೀ ಹೇಳುತ್ತಿದ್ದರಂತೆ. ಸೃಷ್ಟಿಯ ಕಥೆ ಅವರ ಬಾಯಲ್ಲಿತ್ತು. ಒಂದೊಂದು ಹೊಳೆಯಲ್ಲಿ ಒಂದೊಂದು ರೀತಿ. ಸರ್ಕಾರಕ್ಕೆ ಗ್ರಂಥ ಬೇಕಿತ್ತು, ಕಥೆ ಗ್ರಂಥವಾಯಿತು. ವಾರದ ಪ್ರಾರ್ಥನೆ ಬೇಕಿತ್ತು, ಅದೂ ಬಂತು. ಹಿಂದೂ ಅನ್ನುವ ಹೆಸರು ಬಂತು. ಈಗ ಆ ಊರಿನಲ್ಲಿ ತಂಪುಂಗ್ ಪೆನ್ಯಾಂಗ್ ಅನ್ನುವ ಸರ್ಕಾರಿ ಹಿಂದೂ ಕಾಲೇಜು ಇದೆ. ದಯಾಕ್ ಮಕ್ಕಳು ಅಲ್ಲಿ ಓದಿ ಧರ್ಮದ ಪಾಠ ಮಾಡುವ ಮೇಷ್ಟ್ರಾಗುತ್ತಾರೆ.

ಇದು ಸುಳ್ಳು ಧರ್ಮ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ. ಆ ಹಾಲಿನಲ್ಲಿ ಕೂತವರ ಭಕ್ತಿ ನೂರಕ್ಕೆ ನೂರು ನಿಜ. ಹಿಂದೂ ಅನ್ನುವ ಹೆಸರು ಅವರಿಗೆ ಮಳೆಯಲ್ಲಿ ಸಿಕ್ಕಿದ ಸೂರು. ಅದು ಇಲ್ಲದಿದ್ದರೆ ಇನ್ನೆಷ್ಟು ತಮ್ಮಂದಿರು ಬೇರೆ ಪಾಠಕ್ಕೆ ಕೂರಬೇಕಿತ್ತೋ. ಇಬು ಕೂಡ ಆ ಹೆಸರನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸೂರು ಕೊಟ್ಟವರು ನಾವಲ್ಲ. ಅವರೇ ಹುಡುಕಿಕೊಂಡರು, ಕಷ್ಟಪಟ್ಟು, ತಮ್ಮದನ್ನು ಒಂದಿಷ್ಟು ಬದಲಿಸಿಕೊಂಡು. ನಾವು ಇಲ್ಲಿ ಕೂತು "ನಮ್ಮವರು" ಅಂತ ಎಣಿಕೆಗೆ ಸೇರಿಸಿಕೊಂಡರೆ, ಅವರು ಕಳೆದುಕೊಂಡದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಅವರ ದೊಡ್ಡ ಕಾರ್ಯ ತಿವಾಹ್ ಬಗ್ಗೆಯೂ ಆ ಮೆಸೇಜಿನಲ್ಲಿ ಇಲ್ಲ. ಸತ್ತವರನ್ನು ಮೊದಲು ಹೂಳುತ್ತಾರೆ. ಕೆಲವು ವರ್ಷಗಳಾದ ಮೇಲೆ ಎಲುಬು ತೆಗೆದು, ಸ್ವಚ್ಛ ಮಾಡಿ, ಕಂಬದ ಮೇಲಿನ ಚಿಕ್ಕ ಬಣ್ಣದ ಮನೆಯೊಳಗೆ ಇಡುತ್ತಾರೆ. ಅದಕ್ಕೆ ಸಂದುಂಗ್ ಅಂತ ಹೆಸರು. ಆಗಲೇ ಆತ್ಮ ಲೆವು ತಾತಾವು ಅನ್ನೋ ಸಮೃದ್ಧಿಯ ಲೋಕ ಸೇರುವುದು. ಕೆತ್ತಿದ ಕಂಬಕ್ಕೆ ಎಮ್ಮೆ ಕಟ್ಟಿ ಬಲಿ ಕೊಡುತ್ತಾರೆ. ಖರ್ಚು ಜಾಸ್ತಿ, ಹಾಗಾಗಿ ಹತ್ತಾರು ಮನೆಯವರು ಸೇರಿ ಮಾಡುತ್ತಾರೆ. ಹಳ್ಳಿಯಲ್ಲಾದರೆ ವಾರಗಟ್ಟಲೆ. ಪೇಟೆಯಲ್ಲಿ ರಜೆ ಸಿಗಬೇಕಲ್ವಾ? ಇಬು ಅವರ ಅಪ್ಪನ ಸಂದುಂಗ್ ನೆಂಟರೊಬ್ಬರ ಮನೆ ಅಂಗಳದಲ್ಲಿದೆ. ಒಂದು ಕಡೆ ಮೊಬೈಲ್ ರೀಚಾರ್ಜ್ ಅಂಗಡಿ, ಇನ್ನೊಂದು ಕಡೆ ನಿಲ್ಲಿಸಿದ ಬೈಕುಗಳು, ನಡುವೆ ನಾಲ್ಕು ಕಂಬದ ಮೇಲೆ ಅಪ್ಪ. ಪಕ್ಕದಲ್ಲಿ ಹಾದುಹೋಗುವಾಗ ಇಬು ಅದರ ಕಂಬವನ್ನು ಒಮ್ಮೆ ಮುಟ್ಟುತ್ತಾರೆ. ಅಷ್ಟೇ.

2017ರ ನವೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಸುಂಬಾ ದ್ವೀಪದ ಮರಾಪು, ಬತಕ್ ಜನರ ಪರ್ಮಾಲಿಮ್ ಥರದ ನಂಬಿಕೆಯವರು ಕೇಸ್ ಹಾಕಿದ್ದರು. ಅವರೂ ಕಾರ್ಡಿನಲ್ಲಿ ಖಾಲಿ ಬಿಡದೆ ತಮ್ಮ ನಂಬಿಕೆಯನ್ನು ನಮೂದಿಸಬಹುದು ಅಂತ ಕೋರ್ಟ್ ಹೇಳಿತು. ಆದರೆ ಪ್ರತಿಯೊಬ್ಬರ ನಂಬಿಕೆಯ ಹೆಸರನ್ನಲ್ಲ, ಎಲ್ಲರಿಗೂ ಒಂದೇ ಸಾಮಾನ್ಯ ಪದ. ನಾನು ಹೋದಾಗ ಪಲಂಕಾ ರಾಯದಲ್ಲಿ ಇದೇ ಮಾತು. ಹಿಂದೂ ಹೆಸರಿನಲ್ಲೇ ಉಳಿಯೋಣ ಅನ್ನುವವರು ಒಂದು ಕಡೆ. ಕಹಾರಿಂಗಾನ್ ಅಂತಲೇ ಸ್ವಂತ ಧರ್ಮವಾಗಿ ಬರೆಸಬೇಕು ಅನ್ನುವವರು ಇನ್ನೊಂದು ಕಡೆ. ಇಬು ಅವರ ಮೊಮ್ಮಗಳು ಎರಡನೆಯ ಕಡೆ. ಊಟದ ಹೊತ್ತಿಗೆ ಅಜ್ಜಿ ಮೊಮ್ಮಗಳಿಗೆ ಜಗಳ. ಜಾರ್ಖಂಡ್ ಕಡೆಯ ಸಂತಾಲ ಆದಿವಾಸಿಗಳು ಜನಗಣತಿಯಲ್ಲಿ ತಮ್ಮ ಸರನಾ ಧರ್ಮಕ್ಕೆ ಬೇರೆ ಕಾಲಂ ಕೇಳುವಾಗ, ನಮ್ಮ ಕೊಡವರು ಪ್ರತ್ಯೇಕ ಕೋಡ್ ಕೇಳುವಾಗ, ನನಗೆ ಆ ಊಟದ ಮೇಜು ನೆನಪಾಗುತ್ತದೆ. ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುವುದು ಯಾರ ಮೇಲೂ ಮಾಡುವ ದ್ರೋಹ ಅಲ್ಲ.

ಹೊರಡುವ ಹಿಂದಿನ ರಾತ್ರಿ ಪರ್ಸ್ ಜೋಡಿಸುತ್ತಿದ್ದೆ. ಆಧಾರ್ ಕಾರ್ಡ್ ಹೊರಗೆ ಬಿತ್ತು. ಇಬು ಎತ್ತಿಕೊಂಡು, ಇದೇ ನಿಮ್ಮ ಕಾತೇಪೇನಾ ಅಂದರು. ಹೌದು ಅಂದೆ. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. ಹೆಸರು, ಹುಟ್ಟಿದ ದಿನ, ಗಂಡು ಅಂತ ಬರೆದದ್ದು, ಒಂದೊಂದಾಗಿ ನನ್ನಿಂದ ಓದಿಸಿದರು. ಕಾರ್ಡ್ ತಿರುಗಿಸಿ ವಿಳಾಸ ನೋಡಿದರು. ಮತ್ತೆ ಮುಂದಕ್ಕೆ ತಿರುಗಿಸಿದರು.

"ಅಗಾಮ ಎಲ್ಲಿ?"

"ಇದರಲ್ಲಿ ಇಲ್ಲ ಇಬು. ಬರೆಯಲ್ಲ."

ಅವರು ನಂಬಲಿಲ್ಲ. ಇನ್ನೊಂದು ಸಲ ಹಿಂದೆ ಮುಂದೆ ನೋಡಿದರು. ಅವರ ಊರಿನಲ್ಲಿ ಸ್ಮಶಾನಗಳೂ ಧರ್ಮದ ಪ್ರಕಾರ ಬೇರೆ ಬೇರೆ.

"ಹಾಗಾದರೆ ನೀನು ಪರಊರಲ್ಲಿ ಸತ್ತರೆ," ಅಂದರು, "ಎಲ್ಲಿ ಹೂಳಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ನಾಕ್?"