ಹಾಡು ಕಟ್ಟೋದನ್ನ ಯಾರು ಕಲಿಸ್ತಾರೆ?

ನನ್ನ ಮಗಳಿಗೆ 15 ವರ್ಷ. ಎರಡು ವರ್ಷದಿಂದ ಹಾಡು ಬರೆಯುತ್ತಿದ್ದಾಳೆ. ತೊಡೆಯ ಮೇಲೊಂದು ಪುಟ್ಟ ಗಿಟಾರಿನಂಥ ಉಕುಲೆಲೆ, ಪಕ್ಕದಲ್ಲಿ ರಫ್ ನೋಟ್‌ಬುಕ್ಕು, ಕಿಟಕಿಯಾಚೆ ಡೊಂಬಿವಲಿ ಲೋಕಲ್‌ಗಳ ಸದ್ದು. ಮೊದಮೊದಲು ಹಿಂದಿ, ಇಂಗ್ಲಿಷ್. ಈಚೆಗೆ ಕನ್ನಡ. ಊರಲ್ಲಿರುವ ಅಜ್ಜಿಗೆ ಫೋನಲ್ಲಿ ಹಾಡಿ ಕೇಳಿಸಬೇಕು, ಅವರಿಗೆ ಅರ್ಥ ಆಗಬೇಕು ಅನ್ನೋದು ಅವಳ ಆಸೆ.

ಕಳೆದ ವರ್ಷ ಒಂದು ದಿನ ಕೇಳಿದಳು, "ಅಮ್ಮಾ, ಹಾಡು ಬರೆಯೋದನ್ನ ಕಲಿಸೋ ಕ್ಲಾಸ್ ಇದ್ಯಾ?" ಮುಂಬಯಿಯಲ್ಲಿ ಇಲ್ಲದ ಕ್ಲಾಸ್ ಯಾವುದು ಅಂದುಕೊಂಡು ಹುಡುಕಲು ಹೊರಟೆ. ಒಂದು ವರ್ಷ ಅಲೆದಿದ್ದೇನೆ. ಕಂಡದ್ದನ್ನು ಇಲ್ಲಿ ಬರೆಯುತ್ತೇನೆ. ಇಂಥ ಮಕ್ಕಳಿರುವ ಮನೆಗಳು ನಮ್ಮ ಹೊರನಾಡ ಕನ್ನಡಿಗರಲ್ಲಿ ಇನ್ನೂ ಇವೆ ಅಂತ ನನಗೆ ಗೊತ್ತು.

ಹಾಡಲು, ಬಾರಿಸಲು ಕಲಿಸುವವರು ಇಲ್ಲಿ ಗಲ್ಲಿಗೊಬ್ಬರಿದ್ದಾರೆ. ಹಿಂದೂಸ್ತಾನಿ ಆದರೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು, ಪ್ರಾರಂಭಿಕ್‌ನಿಂದ ಹಿಡಿದು ವಿಶಾರದ, ಅಲಂಕಾರ್ ತನಕ. ಕರ್ನಾಟಕ ಸಂಗೀತಕ್ಕೆ ಷಣ್ಮುಖಾನಂದ ಸಭಾದ ವಿದ್ಯಾಲಯವಿದೆ. ಗಿಟಾರ್, ಕೀಬೋರ್ಡ್ ಅಂದರೆ ಲಂಡನ್ನಿನ ಟ್ರಿನಿಟಿ, ಎಬಿಆರ್‌ಎಸ್‌ಎಂ ಸಂಸ್ಥೆಗಳ ಪರೀಕ್ಷೆಗಳು, 8 ಗ್ರೇಡುಗಳು. ಇವೆಲ್ಲ ಬೇಕು. ಸ್ವರ ನಿಲ್ಲದವರಿಗೆ, ತಾಳ ತಪ್ಪುವವರಿಗೆ ಹಾಡು ಕಟ್ಟೋದು ಇನ್ನೂ ಕಷ್ಟ. ಆದರೆ ಇಲ್ಲೆಲ್ಲ ಮಗು ಜಾಸ್ತಿ ಕಲಿಯೋದು ಇನ್ನೊಬ್ಬರು ಕಟ್ಟಿದ್ದನ್ನು ಚೆನ್ನಾಗಿ ಒಪ್ಪಿಸೋದನ್ನ. ತಾನೇ ಬರೆದ ಅರ್ಧ ಹಾಡನ್ನು ಕ್ಲಾಸಿಗೆ ತಂದರೆ "ಮೊದಲು ಇವತ್ತಿನ ಪಾಠ ಮುಗಿಸೋಣ" ಅನ್ನುತ್ತಾರೆ. ಆ ಪಾಠ ಮುಗಿಯೋದೇ ಇಲ್ಲ.

ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಟ್ರಿನಿಟಿಯವರ ರಾಕ್ ಅಂಡ್ ಪಾಪ್ ಪರೀಕ್ಷೆಯಲ್ಲಿ ಮೂರು ಹಾಡುಗಳಿರುತ್ತವೆ. ಅದರಲ್ಲಿ ಒಂದು ವಿದ್ಯಾರ್ಥಿಯೇ ಬರೆದದ್ದಾಗಿರಬಹುದು. ನನ್ನ ಮಗಳ ಟೀಚರಿಗೂ ಇದನ್ನು ನಾನೇ ಹೇಳಬೇಕಾಯಿತು. ನಿಮ್ಮ ಮಗು ಆ ಪರೀಕ್ಷೆಗೆ ಕೂರುತ್ತಿದ್ದರೆ ಇವತ್ತೇ ಕೇಳಿ.

ನಾನು ಮೋಸ ಹೋದದ್ದನ್ನೂ ಹೇಳಲೇಬೇಕು. ಅಂಧೇರಿ ಕಡೆಯ ಒಂದು ಅಕಾಡೆಮಿ. ಬೋರ್ಡಿನಲ್ಲಿ "ಸಾಂಗ್‌ರೈಟಿಂಗ್ ಕೋರ್ಸ್" ಅಂತ ದೊಡ್ಡದಾಗಿ ಬರೆದಿತ್ತು. ಆರು ತಿಂಗಳ ಫೀಸು ಒಟ್ಟಿಗೆ ಕಟ್ಟಿಸಿಕೊಂಡರು. ಪ್ರತಿ ಶನಿವಾರ ಡೊಂಬಿವಲಿಯಿಂದ ದಾದರ್, ದಾದರ್‌ನಲ್ಲಿ ಗಾಡಿ ಬದಲಿಸಿ ಅಂಧೇರಿ. ಹೋಗಿ ಬರೋದಕ್ಕೇ ಅರ್ಧ ದಿನ. ಅಲ್ಲಿ ಮಾಡಿಸಿದ್ದೇನು? ಹಿಟ್ ಹಾಡುಗಳ ಸ್ವರಗುಚ್ಛ (ಕಾರ್ಡ್ಸ್) ಬಾರಿಸೋದು. ಮೂರನೇ ತಿಂಗಳಿಗೆ ಟೀಚರ್ ಬಿಟ್ಟು ಹೋದರು. ಉಳಿದ ದುಡ್ಡು ವಾಪಸ್ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ. ಅಷ್ಟು ದಿನದಲ್ಲಿ ಒಬ್ಬರೂ ಅವಳ ನೋಟ್‌ಬುಕ್ ಬಿಡಿಸಿ ನೋಡಿರಲಿಲ್ಲ.

ಆಮೇಲೆ ನಡೆದದ್ದಕ್ಕಾಗಿಯೇ ಇಷ್ಟುದ್ದ ಬರೆಯಲು ಕೂತೆ.

ನಮ್ಮ ಏರಿಯಾದ ಕನ್ನಡ ಸಂಘದಲ್ಲಿ ಒಬ್ಬ ಹಿರಿಯರಿದ್ದಾರೆ. ಬ್ಯಾಂಕಿನಿಂದ ರಿಟೈರ್ ಆದವರು. ಶ್ರಾವಣದಲ್ಲಿ ಭಾರತ ವಾಚನ ಮಾಡುತ್ತಾರೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಗಮಕಿ. ಒಂದು ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಮಗಳು ತನ್ನ ಹಾಡಿನ ಮೊದಲ ಸಾಲು ಹಾಡಿದಳು. "ನನ್ನ ಬಲ ನೀನೇ ಅಮ್ಮ." ರಾಗ ಚೆನ್ನಾಗಿತ್ತು. ಆದರೆ ಮೂರನೇ ಅಕ್ಷರದ ಮೇಲೆ ಸ್ವರ ಉದ್ದ ನಿಲ್ಲುತ್ತಿತ್ತು. ಅಲ್ಲಿ ಬಿದ್ದದ್ದು 'ಬ'. ಎಳೆದರೆ 'ಬಲ' ಹೋಗಿ 'ಬಾಲ' ಆಗುತ್ತದೆ. ಏನೋ ಸರಿಯಿಲ್ಲ ಅಂತ ಅವಳಿಗೂ ಅನ್ನಿಸುತ್ತಿತ್ತು, ಏನು ಅಂತ ಮಾತ್ರ ಗೊತ್ತಾಗಿರಲಿಲ್ಲ. ಆ ಸಾಲನ್ನು ಹೊಡೆದು ಹಾಕಿ ಹಾಕಿ ಮತ್ತೆ ಬರೆದಿದ್ದಳು.

ಅವರು ಕಾಫಿ ಲೋಟ ಪಕ್ಕಕ್ಕಿಟ್ಟು ಟೇಬಲ್ ಮೇಲೆ ಬೆರಳಲ್ಲಿ ತಟ್ಟಿದರು. ಮೂರು, ನಾಲ್ಕು. ಮೂರು, ನಾಲ್ಕು. "ರಾಗ ಮುಟ್ಟಬೇಡ ಮಗಾ. ಮಾತು ಹಿಂದೆ ಮುಂದೆ ಮಾಡು. ಉದ್ದ ಸ್ವರ ಇರೋ ಕಡೆ ಉದ್ದ ಅಕ್ಷರ ತಾ" ಅಂದರು. ಅವಳು ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸುತ್ತಾ ಕೂತಳು. ಆಮೇಲೆ ಹಾಡಿದಳು. "ಅಮ್ಮ ನೀನೇ ನನ್ನ ಬಲ."

ಅದೇ ನಾಲ್ಕು ಪದ, ಅದೇ ಎಂಟು ಅಕ್ಷರ. ಮೂರನೇ ಅಕ್ಷರ ಈಗ 'ನೀ'. ಅಲ್ಲಿ ಎಷ್ಟು ಹೊತ್ತು ನಿಂತರೂ ಅರ್ಥ ಕೆಡೋದಿಲ್ಲ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. 'ಅಮ್ಮ' ಮೂರು ಮಾತ್ರೆ, 'ನೀನೇ' ನಾಲ್ಕು. 'ನನ್ನ' ಮೂರು, 'ಬಲ' ಎರಡು, ಕೊನೆಯಲ್ಲಿ ಎರಡು ಮಾತ್ರೆ ಎಳೆದರೆ ಮತ್ತೆ ಏಳು. "ಇದು ಭಾಮಿನಿ ಷಟ್ಪದಿಯ ನಡೆ, ನಿನಗೆ ಗೊತ್ತಿಲ್ಲದೇ ಬಂದಿದೆ" ಅಂತ ಅವರು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಆರು ತಿಂಗಳ ಫೀಸಿಗೆ ಸಿಗದ ಪಾಠ ಒಂದು ಲೋಟ ಕಾಫಿ ಮುಗಿಯೋದರೊಳಗೆ ಸಿಕ್ಕಿತು.

ಇಂಟರ್‌ನೆಟ್ಟಿನಲ್ಲಿ ಪಾಠಗಳೇನೂ ಕಮ್ಮಿ ಇಲ್ಲ. ಅಮೆರಿಕದ ಬರ್ಕ್ಲೀ ಸಂಗೀತ ಕಾಲೇಜಿನ ಪ್ಯಾಟ್ ಪ್ಯಾಟಿಸನ್ ಅವರ ಹಾಡು ಬರೆಯುವ ಕೋರ್ಸ್ ಕೋರ್ಸೆರಾ ಅನ್ನೋ ವೆಬ್‌ಸೈಟಿನಲ್ಲಿದೆ. ಮಗಳ ಜೊತೆ ಕೂತು ನಾನೂ ನೋಡಿದೆ. ಬಹಳ ಒಳ್ಳೆಯ ಮೇಷ್ಟ್ರು. ಇಂಗ್ಲಿಷ್ ಪದದ ಒತ್ತು ರಾಗದ ಪೆಟ್ಟಿನ ಮೇಲೆ ಹೇಗೆ ಕೂರಬೇಕು ಅಂತ ಬಿಡಿಸಿ ಹೇಳುತ್ತಾರೆ. ಆದರೆ ಕನ್ನಡ ನಿಂತಿರೋದು ಒತ್ತಿನ ಮೇಲಲ್ಲ, ಲಘು ಗುರುವಿನ ಮೇಲೆ, ಅಂದರೆ ಒಂದು ಮಾತ್ರೆಯ, ಎರಡು ಮಾತ್ರೆಯ ಅಕ್ಷರಗಳ ಮೇಲೆ. ಅವರು ಕಲಿಸುವ ಪ್ರಾಸ ಸಾಲಿನ ಕೊನೆಯದ್ದು. ನಮ್ಮ ಹಳಬರು ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟು ಸಾವಿರ ವರ್ಷ ಬರೆದರು. ಇದನ್ನು ಕನ್ನಡ ಬಲ್ಲವರೇ ಹೇಳಿಕೊಡಬೇಕು, ಅಲ್ವಾ?

ಹಿಂದೂಸ್ತಾನಿ ಗಾಯಕ, ನಮ್ಮ ಕುಮಾರ ಗಂಧರ್ವರನ್ನೇ ನೋಡಿ. ಬೆಳಗಾವಿಯ ಸುಳೇಭಾವಿಯ ಹುಡುಗ. ಚಿಕ್ಕವನಿದ್ದಾಗಲೇ ಮುಂಬಯಿಗೆ ಬಂದು ಒಪೆರಾ ಹೌಸ್ ಹತ್ತಿರ ಬಿ.ಆರ್. ದೇವಧರರ ಶಾಲೆ ಸೇರಿದರು. ದೇವಧರರು ಒಂದೇ ಘರಾಣೆಗೆ, ಅಂದರೆ ಒಂದೇ ಗಾಯನ ಪರಂಪರೆಗೆ ಅಂಟಿಕೊಂಡವರಲ್ಲ. ಹಲವು ಉಸ್ತಾದರಿಂದ ಕಲಿತವರು, ಪಾಶ್ಚಾತ್ಯ ಸಂಗೀತವನ್ನೂ ಕೇಳಿ ತಿಳಿದವರು. ಅಲ್ಲಿ ಬೆಳೆದ ಹುಡುಗ ಮುಂದೆ ತಾನೇ ರಾಗಕ್ಕೆ ಕೂರುವ ಗೀತೆಗಳಾದ ಬಂದಿಶ್‌ಗಳನ್ನು ಕಟ್ಟಿದ, ಮಾಳವದ ಜನಪದ ಧುನ್‌ಗಳಿಂದ ಹೊಸ ರಾಗಗಳನ್ನೇ ತಂದ. ಹಲವು ಬಗೆಯ ಸಂಗೀತ ಕಿವಿಗೆ ಬೀಳುವ ಜಾಗ ಅದು. ನಾನು ಹುಡುಕುತ್ತಿರೋದೂ ಅಂಥದ್ದನ್ನೇ.

ಧಾರಾವಿಯ ಆಫ್ಟರ್ ಸ್ಕೂಲ್ ಆಫ್ ಹಿಪ್‌ಹಾಪ್ ಅಂಥ ಒಂದು ಜಾಗ. 2015ರಲ್ಲಿ ಶುರುವಾದದ್ದು. ಅಲ್ಲಿನ ಮಕ್ಕಳಿಗೆ ರ‍್ಯಾಪ್, ಬೀಟ್‌ಬಾಕ್ಸ್, ಡ್ಯಾನ್ಸ್ ಎಲ್ಲ ಉಚಿತ. ರ‍್ಯಾಪ್‌ನಲ್ಲಿ ನಿನ್ನ ಮಾತು ನೀನೇ ಬರೆಯಬೇಕು. ಹಾಗಾಗಿ ಆ ಮಕ್ಕಳು ಮೊದಲ ದಿನದಿಂದ ಬರೆಯುವವರೇ. ಇದು ನಮ್ಮ ಸಂಗೀತ ಅಲ್ಲ ಅಂತ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಕ್ಷಗಾನದ ಭಾಗವತರು ಹಾಡಿನ ಮಟ್ಟಿಗೆ, ಅಂದರೆ ಧಾಟಿಗೆ, ಮಾತು ಕೂರಿಸುವಾಗ ಇರುವ ಲೆಕ್ಕಾಚಾರವೇ ಅಲ್ಲೂ ಇದೆ.

ಪುಣೆಯಲ್ಲಿರುವವರಿಗೆ ಪಿಯುಸಿ ಆದ ಮೇಲೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ ಇದೆ. ಸಂಗೀತ, ನೃತ್ಯ, ನಾಟಕ ಒಂದೇ ಕಡೆ. ಗೋವಾದವರಿಗೆ ಪಣಜಿಯ ಕಲಾ ಅಕಾಡೆಮಿ, ಭಾರತೀಯ, ಪಾಶ್ಚಾತ್ಯ ಎರಡೂ ಉಂಟು.

ಎಲ್ಲಿಗೇ ಸೇರಿಸಿ, ದುಡ್ಡು ಕಟ್ಟುವ ಮೊದಲು ಒಂದು ದಿನ ಕ್ಲಾಸಿನಲ್ಲಿ ಸುಮ್ನೆ ಕೂತು ನೋಡಿ. ಮಕ್ಕಳು ತಮ್ಮದೇ ಹಾಡು ಹಾಡ್ತಾರಾ? ಟೀಚರ್ ಅದನ್ನು ಪೂರ್ತಿ ಕೇಳ್ತಾರಾ? ಯಾವ ಪದ ಎಲ್ಲಿ ಎಡವುತ್ತಿದೆ ಅಂತ ಬೆರಳಿಟ್ಟು ತೋರಿಸ್ತಾರಾ? ಫೀಸು ತಿಂಗಳು ತಿಂಗಳು ಕಟ್ಟಲು ಬಿಡದಿದ್ದರೆ ನಾನಂತೂ ಎದ್ದು ಬರುತ್ತೇನೆ.

ನಾನು ನೋಡಿದ ಯಾವ ಕ್ಲಾಸಿನಲ್ಲೂ ಹೇಳಿಕೊಡದ ಇನ್ನೊಂದು ವಿಷಯ ಹಕ್ಕು. ಬರೆದ ಸಾಹಿತ್ಯದ ಮೇಲೆ ಬರೆದವರಿಗೆ ಬದುಕಿರುವ ತನಕ, ಆಮೇಲೆ 60 ವರ್ಷ ಅವರ ವಾರಸುದಾರರಿಗೆ ಹಕ್ಕಿದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ ಸಿನಿಮಾಕ್ಕೆ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವ ಹಾಗೇ ಇಲ್ಲ. ಥಿಯೇಟರಿನಲ್ಲಿ ಸಿನಿಮಾ ತೋರಿಸುವುದನ್ನು ಬಿಟ್ಟು ಬೇರೆ ಬಳಕೆಯಲ್ಲಿ ಅವರಿಗೆ ಸಮಪಾಲು. ಆ ದುಡ್ಡು ಸಂಗ್ರಹಿಸಿ ಕೊಡುವ ಐಪಿಆರ್‌ಎಸ್ ಸಂಸ್ಥೆ 1969ರಿಂದ ಇದೆ, ನಮ್ಮ ಮುಂಬಯಿಯಲ್ಲೇ. ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಗೀತೆ ಬರೆಯುವವರೂ ಸದಸ್ಯರಾಗಿ ತಮ್ಮ ಸಾಲುಗಳನ್ನು ನೋಂದಾಯಿಸಬಹುದು. "ಒಂದು ಚಾನ್ಸ್ ಕೊಡ್ತೀವಿ, ಇಲ್ಲಿ ಸೈನ್ ಮಾಡು" ಅನ್ನುವವರು ಎದುರಾಗುವ ಮೊದಲೇ ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು.

ಈಗ ನನ್ನ ಬೇಡಿಕೆ. ಮುಂಬಯಿ ಕನ್ನಡಿಗರಿಗೆ ಸಭಾಂಗಣಗಳ ಬರ ಇಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಉಪನಗರದ ಚಿಕ್ಕ ಚಿಕ್ಕ ಸಂಘಗಳ ತನಕ ಎಷ್ಟು ಕಟ್ಟಡ ಕಟ್ಟಿದ್ದೇವೆ! ಭಾವಗೀತೆ ಸ್ಪರ್ಧೆ ವರ್ಷವರ್ಷ ಇಡುತ್ತೇವೆ. ಅಲ್ಲೂ ಮಕ್ಕಳು ಹಾಡೋದು ಹಿರಿಯ ಕವಿಗಳದ್ದನ್ನೇ. ಆ ಹಾಡುಗಳು ನನಗೂ ಪ್ರಾಣ. ಜೊತೆಗೆ ಭಾನುವಾರ ಎರಡು ಗಂಟೆ ಒಂದು ರೂಮು ಕೊಟ್ಟರೆ ಸಾಕು. ಒಬ್ಬ ಗಮಕಿ, ಗಿಟಾರ್ ಬಲ್ಲ ಒಬ್ಬ ಹುಡುಗ, ಯಕ್ಷಗಾನದ ಒಬ್ಬ ಭಾಗವತರು, ನಾಲ್ಕೈದು ಮಕ್ಕಳು, ಅವರ ನೋಟ್‌ಬುಕ್ಕುಗಳು. ಮೈಕು ಬೇಡ, ಹಾರ ಶಾಲು ಬೇಡ.

ನಮ್ಮ ಸಂಘಕ್ಕೆ ಅರ್ಜಿ ಬರೆದಿಟ್ಟಿದ್ದೇನೆ. ಈ ಭಾನುವಾರ ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ. ಆ ಹಿರಿಯರು ಬರಲು ಒಪ್ಪಿದ್ದಾರೆ. ಡೊಂಬಿವಲಿ, ಕಲ್ಯಾಣ್, ಠಾಣೆ ಕಡೆ ಹಾಡು ಬರೆಯುವ ಮಕ್ಕಳಿದ್ದರೆ ನನಗೊಂದು ಮೆಸೇಜ್ ಹಾಕಿ. ಅರ್ಜಿಯ ಕೆಳಗೆ ಹೆಸರು ಸೇರಿಸಲು ಇನ್ನೂ ಜಾಗ ಇದೆ.