ಮಾವನ ಅಂಗಡಿಗೆ ಒಬ್ಬನೇ ಗಿರಾಕಿ

ನಮ್ಮ ಸೋದರಮಾವ ಯುಗಾದಿ ಹೋಳಿಗೆಯ ಆರ್ಡರುಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುವವರು. ಕಂಪ್ಯೂಟರ್ ಓದಿದ ಅಳಿಯ ಇದ್ದೂ ಹೀಗೇ ಎಂದು ನನಗೆ ಅವಮಾನವಾಯಿತು. ಮಾಹಿತಿ ಕೂಡಿಡುವ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಟೇಬಲ್, ಜಾವಾ ಭಾಷೆಯಲ್ಲಿ ಕೋಡ್, ಒಂದೇ ಭಾನುವಾರದಲ್ಲಿ ಮುಗಿಸಿದೆ. ಮೊಬೈಲ್ ನಂಬರಿನ ಕಾಲಂಗೆ ಇಂಟ್(10), ಅಂದರೆ ಪೂರ್ಣಾಂಕ ಹಿಡಿಯುವ ಬಗೆ. ಹತ್ತಂಕಿಗೆ ಹತ್ತು ಜಾಗ, ಲೆಕ್ಕ ಸರಿಹೋಯಿತಲ್ಲ!

ಹಬ್ಬಕ್ಕೆ ಎರಡು ದಿನ ಇರುವಾಗ ಮಾವನ ಫೋನು. "ಲೋ, ಎಲ್ಲರದ್ದೂ ಒಂದೇ ನಂಬರು ತೋರಿಸ್ತಿದೆ. 2147483647. ಯಾರಪ್ಪ ಇವನು, ಇಡೀ ಬಡಾವಣೆ ಹೋಳಿಗೆ ಒಬ್ಬನೇ ತಿಂತಾನಾ?"

ಇಂಟ್ ಪಕ್ಕದ ಆ 10 ಜಾಗದ ಅಳತೆಯೇ ಅಲ್ಲವಂತೆ, ತೋರಿಸುವಾಗಿನ ಅಗಲವಂತೆ. ಏನು ಬರೆದರೂ ಇಂಟ್‌ಗೆ ಸಿಗುವುದು 4 ಬೈಟು. ಅದರಲ್ಲಿ ಅರ್ಧ ಮೈನಸ್ ಸಂಖ್ಯೆಗಳ ಪಾಲು. ಹಾಗಾಗಿ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆಗೆ ಕಥೆ ಮುಗಿಯಿತು. ನಮ್ಮ ಮೊಬೈಲ್ ನಂಬರುಗಳು ಶುರುವಾಗುವುದೇ ಆರುನೂರು ಕೋಟಿಯಿಂದ! 5.7ನೇ ಆವೃತ್ತಿಯಿಂದೀಚೆಗಿನ ಮೈಎಸ್‌ಕ್ಯುಎಲ್ ಆಗಿದ್ದರೆ 'ಹಿಡಿಸಲ್ಲ ಸ್ವಾಮಿ' ಎಂದು ಜಗಳಕ್ಕೆ ನಿಲ್ಲುತ್ತಿತ್ತು. ನನ್ನ ಅಗ್ಗದ ಸರ್ವರಿನಲ್ಲಿದ್ದದ್ದು 5.5. ಅದು ಪ್ರತಿ ಸಲವೂ ತನ್ನ ಕೈಲಾದ ದೊಡ್ಡ ಸಂಖ್ಯೆ ಬರೆದು, ಒಂದು ವಾರ್ನಿಂಗ್ ಗೊಣಗಿ ಸುಮ್ಮನಾಗಿತ್ತು.

ಪುಣ್ಯಕ್ಕೆ ಮಾವ ನನ್ನ ಮೇಲಿನ ನಂಬಿಕೆಯಿಂದ ಕ್ಯಾಲೆಂಡರಿನಲ್ಲೂ ಬರೆದಿಟ್ಟಿದ್ದರು.

ಕಾಲಂ ಅನ್ನು ದೊಡ್ಡ ಸಂಖ್ಯೆ ಹಿಡಿಯುವ ಬಿಗ್‌ಇಂಟ್ ಮಾಡಿ ಎಲ್ಲವನ್ನೂ ಮತ್ತೆ ತುಂಬಿದೆ. ಆದರೆ ಜಾವಾ ಕಡೆ ಅದಕ್ಕೆ ಜೋಡಿ ಲಾಂಗ್ ಎಂಬ ಅಷ್ಟೇ ದೊಡ್ಡ ಬಗೆ. ನಾನು ಹಳೇ ಅಭ್ಯಾಸದಲ್ಲಿ ಚಿಕ್ಕ ಇಂಟ್‌ಗೆ ಕ್ಯಾಸ್ಟ್ ಮಾಡಿದ್ದೆ, ಅಂದರೆ ಬಲವಂತವಾಗಿ ತುರುಕಿದ್ದೆ. ಜಾವಾ ಗೊಣಗುವುದೂ ಇಲ್ಲ, ಹಿಡಿಸದ ಮೇಲಿನ ಬಿಟ್‌ಗಳನ್ನು (ಸಂಖ್ಯೆಯ 0-1 ತುಣುಕುಗಳನ್ನು) ಕತ್ತರಿಸಿ ಎಸೆಯುತ್ತದೆ. ಪರೀಕ್ಷೆಗೆಂದು ಹಾಕಿದ 9876543210 ಹೊರಬರುವಾಗ 1286608618! ಎಂಟರಿಂದ ಶುರುವಾಗುವ ಕೆಲವಕ್ಕೆ ಹಿಂದೆ ಮೈನಸ್ ಬೇರೆ. "ಫೋನಲ್ಲಿ ಮೈನಸ್ ಎಲ್ಲಿ ಒತ್ತೋದೋ?" ಅಂದರು ಮಾವ.

ಕೊನೆಗೆ ಕಾಲಂ ಅನ್ನು ವಾರ್‌ಚಾರ್ ಮಾಡಿದೆ, ಅಂದರೆ ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ಯಾರಾದರೂ ಎರಡು ಫೋನ್ ನಂಬರನ್ನು ಕೂಡುತ್ತಾರಾ, ಗುಣಿಸುತ್ತಾರಾ? ಈ ಬುದ್ಧಿ ಭಾನುವಾರವೇ ಬರಬೇಕಿತ್ತು.

ನಿಟ್ಟುಸಿರು ಬಿಟ್ಟು ಕಾಫಿಗೆ ಕೂತೆ. ಮತ್ತೆ ಫೋನು.

"ಮೂಲೆಮನೆ ಮೇಷ್ಟ್ರಿಗೆ ಹೋಳಿಗೆ 'ಟ್ರೂ' ಅಂತಿದೆ. ಟ್ರೂ ಅಂದ್ರೆ ಎಷ್ಟು ಕಟ್ಟಲಿ?"

ಎಷ್ಟು ಹೋಳಿಗೆ ಎಂಬ ಕಾಲಂಗೆ, ಜಾಗ ಉಳಿಯಲೆಂದು, ಇಂಟ್‌ನ ಪುಟ್ಟ ತಮ್ಮ ಟೈನಿಇಂಟ್(1) ಕೊಟ್ಟಿದ್ದೆ. 127ರವರೆಗೆ ಹಿಡಿಯುತ್ತದೆ, ಮೇಷ್ಟ್ರು ಅಷ್ಟು ತಿನ್ನಲಾರರು. ಆದರೆ ಅಲ್ಲಿ ಕಿಮ್ಮತ್ತಿಲ್ಲದ ಕಂಸಕ್ಕೆ ಇಲ್ಲಿ ಎಲ್ಲಿಲ್ಲದ ಮರ್ಯಾದೆ: ಡೇಟಾಬೇಸಿಗೂ ಜಾವಾಗೂ ನಡುವಿನ ಕೊಂಡಿಯಾದ ಡ್ರೈವರ್ ಆ 1 ಕಂಡೊಡನೆ ಇದು ಹೌದು-ಇಲ್ಲದ ಉತ್ತರವೆಂದು ಬೂಲಿಯನ್ ಮಾಡಿ ಕೊಡುತ್ತದೆ. ಇಪ್ಪತ್ತೈದು ಹೋಳಿಗೆಯೂ ಟ್ರೂ, ಅರವತ್ತೂ ಟ್ರೂ.

"ಮಾವ, ಒಂದ್ನಿಮಿಷ ಕ್ಯಾಲೆಂಡರ್ ತಿರುಗಿಸಿ ನೋಡಿ."

"ನೋಡಿಯೇ ಕಟ್ಟಿದ್ದೀನಿ. ಸುಮ್ನೆ ಕೇಳ್ದೆ."